ಪ್ಯಾಲೆಟ್ ಮೇಲೆ ಮುದ್ರೆ ಇದ್ದ ಮೇಲೂ ಪ್ರಮಾಣಪತ್ರ ಬೇಕೇ?

ಪ್ರಶ್ನೆ (ಪೀಣ್ಯದ ಸಣ್ಣ ರಫ್ತು ಘಟಕದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಘಟಕದಿಂದ ಉಕ್ಕಿನ ಫ್ಲೇಂಜುಗಳನ್ನು ಪೈನ್ ಮರದ ಪ್ಯಾಲೆಟ್ (ಸರಕು ಇಡುವ ಹಲಗೆಗಳ ಅಡಿಕಟ್ಟು) ಮೇಲೆ ಕಟ್ಟಿ, ಸುತ್ತ ಪ್ಲೈವುಡ್ ಹೊಡೆದು ಜರ್ಮನಿಗೆ ಕಳುಹಿಸುತ್ತಿದ್ದೇವೆ. ಈಗ ಆಸ್ಟ್ರೇಲಿಯಾದಿಂದಲೂ ಆರ್ಡರ್ ಬಂದಿದ್ದು, ಅಲ್ಲಿನ ಖರೀದಿದಾರರು ಫ್ಯೂಮಿಗೇಷನ್ ಸರ್ಟಿಫಿಕೇಟ್ (ಕೀಟ ಕೊಲ್ಲುವ ಹೊಗೆ ಹಾಕಿದ್ದಕ್ಕೆ ಪ್ರಮಾಣಪತ್ರ) ಬೇಕೆಂದು ಬರೆದಿದ್ದಾರೆ. ನಮ್ಮ ಕಸ್ಟಮ್ಸ್ ಏಜೆಂಟರು ಪ್ಯಾಲೆಟ್ ಮೇಲಿನ ಗೋಧಿ ತೆನೆಯ ಮುದ್ರೆಯೇ ಸಾಕೆನ್ನುತ್ತಾರೆ. ಪರಿಚಿತರೊಬ್ಬರು ಫೈಟೋಸ್ಯಾನಿಟರಿ (ಸಸ್ಯ ಆರೋಗ್ಯ) ಸರ್ಟಿಫಿಕೇಟನ್ನೇ ಮಾಡಿಸಬೇಕೆನ್ನುತ್ತಾರೆ. ಮರದ ಪ್ಯಾಕಿಂಗ್‌ಗೆ ನಿಜವಾಗಿ ಯಾವ ದಾಖಲೆ ಬೇಕೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಶಾಖ ಸಂಸ್ಕರಣಾ ಘಟಕದಲ್ಲಿ ಕೆಲಸ ಮಾಡುವವರು)

ನಿಮ್ಮ ಏಜೆಂಟರ ಮಾತು ಮೂಲತಃ ಸರಿ. ಮರದ ಪ್ಯಾಕಿಂಗ್ ಜೊತೆ ಕೀಟಗಳು ದೇಶದಿಂದ ದೇಶಕ್ಕೆ ಹೋಗದಂತೆ 2002ರಲ್ಲಿ ಅಂಗೀಕರಿಸಿದ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಮರದ ಮೇಲಿನ ಮುದ್ರೆಯೇ ಕೀಟ ಕೊಲ್ಲುವ ಸಂಸ್ಕರಣೆಗೆ ಸಾಕ್ಷಿ. ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಇರುವುದು ಸಸ್ಯ ಮತ್ತು ಸಸ್ಯಜನ್ಯ ಸರಕಿಗೆ. ಉಕ್ಕಿನ ಸರಕಿನ ಕೆಳಗಿರುವ ಮುದ್ರೆಯುಳ್ಳ ಪ್ಯಾಲೆಟ್‌ಗೆ ಅದನ್ನು ಮಾಡಿಸುವ ಅಗತ್ಯವಿಲ್ಲ.

ಆದ್ದರಿಂದ ಮೊದಲು ಕಡತವನ್ನಲ್ಲ, ಪ್ಯಾಲೆಟನ್ನು ನೋಡಿ. ಚೌಕಟ್ಟಿನೊಳಗೆ ಒಂದು ಬದಿಗೆ ತೆನೆಯ ಚಿಹ್ನೆ, ನಡುವೆ ಉದ್ದಗೆರೆ, ಇನ್ನೊಂದು ಬದಿಗೆ ಭಾರತದ ಸಂಕೇತವಾದ ಐಎನ್, ಸಂಸ್ಕರಣಾ ಘಟಕದ ಸಂಖ್ಯೆ, ಹಾಗೂ ಶಾಖಕ್ಕೆ ಎಚ್‌ಟಿ ಅಥವಾ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ಅನಿಲಕ್ಕೆ ಎಂಬಿ ಎಂಬ ಅಕ್ಷರಗಳಿರಬೇಕು. ಅದನ್ನು ಕೈಯಿಂದ ಬರೆಯುವಂತಿಲ್ಲ, ಚೀಟಿಯಾಗಿ ಕಟ್ಟುವಂತಿಲ್ಲ. ಅಪಾಯಕಾರಿ ಸರಕಿನ ಗುರುತಿಗೆ ಬಳಕೆಯಲ್ಲಿರುವ ಕೆಂಪು ಮತ್ತು ಕಿತ್ತಳೆ ಬಣ್ಣಗಳನ್ನು ಬಿಡಬೇಕು. ಎದುರುಬದುರಿನ ಎರಡು ಬದಿಗಳಲ್ಲಿ ಮುದ್ರೆ ಇದ್ದರೆ ಉತ್ತಮ. ನೀವು ಹೊಡೆಯುವ ಪ್ಲೈವುಡ್ ಅದನ್ನು ಮುಚ್ಚದಂತೆ ಎಚ್ಚರ ವಹಿಸಿ.

ಎಚ್‌ಟಿ ಎಂದರೆ ಮರದ ತಿರುಳೂ ಸೇರಿದಂತೆ ಎಲ್ಲ ಭಾಗವೂ ಕನಿಷ್ಠ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರಬೇಕು. ನಾವು ದಪ್ಪನೆಯ ತುಂಡುಗಳಿಗೆ ತೂತು ಕೊರೆದು ತಾಪಮಾಪಕದ ತಂತಿಯನ್ನು ತಿರುಳಿನವರೆಗೆ ಇಳಿಸುತ್ತೇವೆ. ಎಲ್ಲಕ್ಕಿಂತ ತಣ್ಣಗಿರುವ ತುಂಡು 56 ಮುಟ್ಟಿದ ಮೇಲೆಯೇ ನಿಮಿಷಗಳ ಎಣಿಕೆ ಆರಂಭವಾಗುತ್ತದೆ. ಆ ದಾಖಲೆಯ ಆಧಾರದ ಮೇಲೆ ಕೊಡುವ ಸಂಸ್ಕರಣಾ ಪ್ರಮಾಣಪತ್ರವನ್ನು ಮಾರಾಟಗಾರರಿಂದ ತಪ್ಪದೆ ಪಡೆಯಿರಿ, ಮತ್ತು ಅದರಲ್ಲಿರುವ ಘಟಕದ ಸಂಖ್ಯೆಯೂ ಪ್ಯಾಲೆಟ್ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ತಾಳೆ ನೋಡಿ. ಬರಿಯ ಮುದ್ರೆ ಒತ್ತಿ ಮಾರುವವರನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ.

ಪ್ಲೈವುಡ್‌ಗೆ ಮತ್ತು 6 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಪ್ಲೈವುಡ್ ಪೆಟ್ಟಿಗೆಯ ಮೂಲೆಗಳಿಗೆ ಹೊಡೆಯುವ ರೀಪರ್ ಪಟ್ಟಿಗೂ, ಸರಕು ಜರುಗದಂತೆ ಕಂಟೈನರಿನಲ್ಲಿ ಒಡ್ಡುವ ಮರದ ತುಂಡುಗಳಿಗೂ ಅನ್ವಯಿಸುತ್ತದೆ. ಒಳ್ಳೆಯ ಪ್ಯಾಲೆಟ್ ಕೊಂಡವರು ಕೊನೆಯ ಗಳಿಗೆಯಲ್ಲಿ ಅಂಗಳದಲ್ಲಿ ಬಿದ್ದ ಹಸಿ ಮರದ ತುಂಡನ್ನು ಒಡ್ಡಿ ಕಳುಹಿಸಿದರೆ ಅದುವರೆಗಿನ ಖರ್ಚೆಲ್ಲ ವ್ಯರ್ಥ.

ಉತ್ತರ 2 (ರಫ್ತು ದಾಖಲೆಗಳನ್ನು ಸಿದ್ಧಪಡಿಸುವವರು)

ಮೇಲಿನವರು ಮರದ ವಿಷಯ ಹೇಳಿದ್ದಾರೆ. ನಾನು ಕಾಗದದ್ದು ಹೇಳುತ್ತೇನೆ. ಜರ್ಮನಿಗೆ ಮುದ್ರೆ ಸಾಕು. ಆಸ್ಟ್ರೇಲಿಯಾಕ್ಕೆ ಇದಲ್ಲದೆ ಪ್ಯಾಕಿಂಗ್ ಡಿಕ್ಲರೇಷನ್ ಎಂಬ ಘೋಷಣಾ ಪತ್ರ ಬೇಕು. ಹುಲ್ಲಿನಂಥ ನಿಷಿದ್ಧ ವಸ್ತು ಬಳಸಿದ್ದೀರಾ, ಮರ ಅಥವಾ ಬಿದಿರು ಇದೆಯೇ, ಇದ್ದರೆ ಅದನ್ನು ಹೇಗೆ ಸಂಸ್ಕರಿಸಲಾಗಿದೆ ಎಂಬುದಕ್ಕೆ ಸರಕು ಕಟ್ಟಿದವರು ಅಥವಾ ಪೂರೈಕೆದಾರರು ಅದರಲ್ಲಿ ಉತ್ತರಿಸಿ ಸಹಿ ಮಾಡಬೇಕು.

ಇನ್ನು ‘ಫ್ಯೂಮಿಗೇಷನ್ ಸರ್ಟಿಫಿಕೇಟ್’ ಎಂಬ ಮಾತು. ಯಾವುದೇ ಸಂಸ್ಕರಣೆಗೂ ಖರೀದಿದಾರರು ರೂಢಿಯಿಂದ ಹೀಗೆ ಬರೆಯುವುದುಂಟು. ನಿಮ್ಮ ಪ್ಯಾಲೆಟ್ ಎಚ್‌ಟಿ ಆಗಿದ್ದರೆ ಅದಕ್ಕೆ ಹೊಗೆ ಹಾಕಿಯೇ ಇಲ್ಲ. ಕೇಳಿದರೆಂದು ಆ ಹೆಸರಿನ ಕಾಗದ ಮಾಡಿಸಿದರೆ ಮರ ಒಂದು ಹೇಳುತ್ತದೆ, ಕಾಗದ ಇನ್ನೊಂದು ಹೇಳುತ್ತದೆ. ವ್ಯವಹಾರ ಲೆಟರ್ ಆಫ್ ಕ್ರೆಡಿಟ್ (ದಾಖಲೆ ಒಪ್ಪಿಸಿದರೆ ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ) ಮೂಲಕ ನಡೆಯುತ್ತಿದ್ದರೆ ಇದು ಇನ್ನೂ ಗಂಭೀರ: ಅದರಲ್ಲಿ ಹೆಸರಿಸಿದ ದಾಖಲೆಯನ್ನೇ ಬ್ಯಾಂಕು ಕೇಳುತ್ತದೆ. ಆದ್ದರಿಂದ ಸರಕು ಹೊರಡುವ ಮುಂಚೆಯೇ ಖರೀದಿದಾರರಿಗೆ ವಿನಯದಿಂದ ಬರೆದು, ಆ ಸಾಲನ್ನು ‘ಐಎಸ್‌ಪಿಎಂ 15ರ ಪ್ರಕಾರ ಶಾಖ ಸಂಸ್ಕರಣೆಯ ಪ್ರಮಾಣಪತ್ರ’ ಎಂದು ತಿದ್ದಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಖರೀದಿದಾರರಿಗೆ ಇವತ್ತೇ ಬರೆಯುತ್ತೇನೆ. ಇನ್ನೊಂದು ಸಂದೇಹ: ಆಮದು ಸರಕಿನೊಂದಿಗೆ ಬಂದ, ಜರ್ಮನಿಯ ಮುದ್ರೆಯಿರುವ ಪ್ಯಾಲೆಟ್‌ಗಳು ನಮ್ಮಲ್ಲಿವೆ. ಕೆಲವಕ್ಕೆ ಒಂದೆರಡು ಹಲಗೆ ಮುರಿದಿವೆ. ಅವನ್ನು ಮತ್ತೆ ಬಳಸಬಹುದೇ?

ಉತ್ತರ 1 ಬರೆದವರಿಂದ

ಮುರಿಯದೆ, ಬದಲಾಯಿಸದೆ, ಮುದ್ರೆ ಸ್ಪಷ್ಟವಾಗಿ ಉಳಿದಿರುವ ಪ್ಯಾಲೆಟನ್ನು ಧಾರಾಳವಾಗಿ ಬಳಸಿ. ಯಾವ ದೇಶದ ಮುದ್ರೆಯಾದರೂ ಅದಕ್ಕೆ ವಾಯಿದೆ ಇಲ್ಲ. ಮುರಿದವುಗಳ ವಿಷಯ ಬೇರೆ. ಬದಲಿಸುವ ಭಾಗ ಸುಮಾರು ಮೂರನೇ ಒಂದರೊಳಗಿದ್ದರೆ ಅದು ರಿಪೇರಿ ಎನಿಸುತ್ತದೆ, ಆಗ ಹೊಸದಾಗಿ ಹಾಕಿದ ಪ್ರತಿಯೊಂದು ಹಲಗೆಯೂ ಸಂಸ್ಕರಿತವಾಗಿದ್ದು ಅದರ ಮೇಲೆ ಪ್ರತ್ಯೇಕ ಮುದ್ರೆ ಇರಬೇಕು. ಅದನ್ನು ಮೀರಿದರೆ ಹಳೆಯ ಮುದ್ರೆಗಳನ್ನೆಲ್ಲ ಅಳಿಸಿ, ಇಡೀ ಪ್ಯಾಲೆಟನ್ನು ಮತ್ತೆ ಸಂಸ್ಕರಿಸಿ ಹೊಸ ಮುದ್ರೆ ಒತ್ತಬೇಕು. ಮುದ್ರೆ ಒತ್ತುವ ಅಧಿಕಾರ ಇರುವುದು ಕೇಂದ್ರದ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಮಾನ್ಯತೆ ಪಡೆದ ಘಟಕಗಳಿಗೆ ಮಾತ್ರ. ಆದ್ದರಿಂದ ನಿಮ್ಮ ಬಡಗಿಯವರಿಂದ ಹಲಗೆ ಹೊಡೆಸಬೇಡಿ. ಮುರಿದವನ್ನು ಘಟಕದೊಳಗಿನ ಬಳಕೆಗೆ ಇಟ್ಟುಕೊಂಡು, ರಫ್ತಿಗೆ ಗಟ್ಟಿಯಾದವನ್ನೇ ಆರಿಸಿ.