ಮೂಳೆ ಕತ್ತರಿಸಿ ಮಂಡಿ ನೆಟ್ಟಗೆ ಮಾಡಿಸ್ಕೊಂಡವ್ರು ಯಾರಾದ್ರೂ ಇದ್ದೀರಾ? ಹತ್ತು ವರ್ಷ ಆದ್ಮೇಲೆ ಹೇಗಿದೆ?

ನಂಗೆ 28, ಕಾಲೆರಡೂ ಹೊರಕ್ಕೆ ಬಾಗಿದೆ, ನಿಂತ್ರೆ ಮಂಡಿ ಮಧ್ಯೆ ಮುಷ್ಟಿ ಹೋಗತ್ತೆ. ಎಡಗಡೆ ಮಂಡಿಯ ಒಳಭಾಗ ಸವೆದಿದೆ ಅಂತೆ, ಡಾಕ್ಟ್ರು ಎಚ್‌ಟಿಒ (ಮಂಡಿ ಕೆಳಗಿನ ಮೂಳೆ ಕುಯ್ದು ಕಾಲು ನೆಟ್ಟಗೆ ಮಾಡೋ ಆಪರೇಷನ್) ಮಾಡ್ಸು ಅಂತಿದ್ದಾರೆ. ಅಮ್ಮ ಬೇಡ್ವೇ ಬೇಡ ಅಂತ ಕೂತಿದ್ದಾರೆ. ಮಾಡಿಸ್ಕೊಂಡವ್ರು ಇದ್ದದ್ದು ಇದ್ದ ಹಾಗೆ ಹೇಳಿ.

— ನಂದು ಆಗಿ ಒಂಬತ್ತು ವರ್ಷದ ಹತ್ರ ಬಂತು ಗುರು, ಆಗ ನಂಗೂ ಹೆಚ್ಚುಕಮ್ಮಿ ನಿನ್ನ ವಯಸ್ಸೇ. ಮೊದ್ಲು ಒಂದು ತಿಳ್ಕೋ, ಇದು ಸವೆದಿದ್ದನ್ನ ಹೊಸದು ಮಾಡೋ ಆಪರೇಷನ್ ಅಲ್ಲ, ಮಂಡಿ ಕೆಳಗಿನ ಮೂಳೆನ ಒಳಗಡೆಯಿಂದ ಕುಯ್ದು ಸ್ವಲ್ಪ ತೆರೆದು ಪ್ಲೇಟು ಸ್ಕ್ರೂ ಹಾಕ್ತಾರೆ, ಮೈಭಾರ ಸವೆದಿರೋ ಕಡೆಯಿಂದ ಚೆನ್ನಾಗಿರೋ ಕಡೆಗೆ ಸರಿಯತ್ತೆ, ಅಷ್ಟೇ. ಅದಕ್ಕೇ ಹೊರಭಾಗದ ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಪದರ) ಚೆನ್ನಾಗಿದ್ಯಾ ಅಂತ ಎಂಆರ್‌ಐ ನೋಡಿ ಕೇಳು. ಹತ್ತು ವರ್ಷ ಆದ್ರೂ ಮಂಡಿ ಬದಲಾಯಿಸದೇ ಓಡಾಡ್ತಿರೋರು ನೂರಕ್ಕೆ 80ರ ಆಸುಪಾಸು, ಅದಾದ್ಮೇಲೆ ನಿಧಾನಕ್ಕೆ ಕಮ್ಮಿ ಆಗ್ತಾ ಹೋಗತ್ತೆ. ನಾನು ಲಾಲ್‌ಬಾಗಲ್ಲಿ ದಿನಾ ನಡೀತೀನಿ, ಮೆಟ್ರೋ ಮೆಟ್ಲು ಹತ್ತೋದೂ ಕಷ್ಟ ಇಲ್ಲ, ಆದ್ರೆ ದೇವಸ್ಥಾನದಲ್ಲಿ ಮಂಡಿಯೂರಿ ನಮಸ್ಕಾರ ಹಾಕೋಕೆ ಇವತ್ತಿಗೂ ಆಗಲ್ಲ. ಗಾಯದ ಪಕ್ಕ ಅಂಗೈ ಅಗಲ ಜಾಗ ಮರಗಟ್ಟಿದೆ, ಸೋಪು ಹಚ್ಚುವಾಗ ಬೇರೆಯವ್ರ ಕಾಲು ಮುಟ್ಟಿದಂಗೆ ಇರತ್ತೆ. ಅದನ್ನ ಮೊದ್ಲು ಯಾರೂ ಹೇಳಿರ್ಲಿಲ್ಲ. ಮೊದಲ ಆರು ವಾರ ಪೂರ್ತಿ ಭಾರ ಹಾಕೋ ಹಾಗಿಲ್ಲ, ವಾಕರ್ರೇ ಗತಿ, ಮೂಳೆ ಕೂಡೋಕೆ ಮೂರರಿಂದ ಆರು ತಿಂಗಳು, ಲಿಫ್ಟಿಲ್ಲದ ಮೂರನೇ ಮಹಡಿ ಬಾಡಿಗೆ ಮನೆ ಆದ್ರೆ ಮೊದ್ಲು ಅದಕ್ಕೊಂದು ದಾರಿ ನೋಡ್ಕೋ. ಸಿಗರೇಟ್ ಇದ್ರೆ ಈಗ್ಲೇ ಬಿಡು, ಮೂಳೆ ಕೂಡೋದು ತಡ ಆಗತ್ತೆ.

— ನಂದು ಉಲ್ಟಾ, ಮಂಡಿಗೆ ಮಂಡಿ ತಾಗೋದು, ಅದಕ್ಕೆ ತೊಡೆಮೂಳೆ ಕೆಳಗಡೆ ಮಾಡಿದ್ರು. ಊರು ಪಾವಗಡ ಕಡೆ, ಬೋರ್‌ವೆಲ್ ನೀರಲ್ಲಿ ಮೂಳೆ ಕೆಡಿಸೋ ಫ್ಲೋರೈಡ್ ಜಾಸ್ತಿ ಅಂತ ಗೊತ್ತಾದ್ಮೇಲೆ ವಿಟಮಿನ್ ಡಿ, ಕ್ಯಾಲ್ಸಿಯಂ ಎಲ್ಲಾ ಟೆಸ್ಟ್ ಮಾಡ್ಸಿದ್ರು. ನಡಿಗೆ ಚೆನ್ನಾಗಾಯ್ತು. ಪ್ಲೇಟು ಮಾತ್ರ ಹಿಂಸೆ, ಮಗ್ಗುಲಾಗಿ ಮಲಗಿದ್ರೆ ಚುಚ್ಚೋದು, ವರ್ಷದ ಮೇಲೆ ತೆಗೆಸ್ದೆ, ಅಂದ್ರೆ ಇನ್ನೊಂದ್ಸಲ ಅನಸ್ತೇಷಿಯಾ, ಇನ್ನೊಂದು ಬಿಲ್ಲು. ಇನ್ಶೂರೆನ್ಸ್‌ನವ್ರನ್ನ ಎರಡನೇದಕ್ಕೂ ಕವರ್ ಇದ್ಯಾ ಅಂತ ಮೊದ್ಲೇ ಕೇಳ್ಕೊಳ್ಳಿ ಅಣ್ಣ.

— ನನ್ ತಮ್ಮಂಗೆ ಐದಾರು ವರ್ಷ ಸೂಪರ್ ಆಗಿತ್ತು, ಆಮೇಲೆ ನೋವು ವಾಪಸ್. ಫುಟ್‌ಬಾಲ್ ಬಿಡ್ಲಿಲ್ಲ, ತೂಕಾನೂ ಏರಿತ್ತು, ಯಾವುದ್ರಿಂದ ಅಂತ ಹೇಳೋದು ಕಷ್ಟ. ಮುಂದೆ ಮಂಡಿ ಬದಲಾಯಿಸೋಕೆ ಆಗತ್ತೆ, ಸರ್ಜನ್‌ಗೆ ಸ್ವಲ್ಪ ಕೆಲಸ ಜಾಸ್ತಿ ಅಷ್ಟೇ. ಆದ್ರೂ 28ಕ್ಕೇ ಕೃತಕ ಮಂಡಿ ಹಾಕ್ಸಿದ್ರೆ ಅದು ಸವೆದು ಮತ್ತೆ ಬದಲಾಯಿಸೋ ದಿನ ಬಂದೇ ಬರತ್ತೆ, ಅದಕ್ಕಿಂತ ಇದು ವಾಸಿ, ಅಮ್ಮಂಗೂ ಹಾಗೇ ಹೇಳಿ. ಅಂದಹಾಗೆ ಸೊಂಟದಿಂದ ಪಾದದವರೆಗೂ ನಿಲ್ಲಿಸಿ ತೆಗೆಯೋ ಉದ್ದದ ಎಕ್ಸ್‌ರೇ ಆಗಿದ್ಯಾ? ಎಷ್ಟು ಡಿಗ್ರಿ ತಿದ್ದಬೇಕು ಅನ್ನೋದು ಅದ್ರಲ್ಲೇ ಗೊತ್ತಾಗೋದು. ಆಗಿಲ್ಲ ಅಂದ್ರೆ ಡೇಟ್ ಕೊಡ್ಬೇಡಿ.