ಮೇಲ್ ಬಾಕ್ಸ್ ತುಂಬಿಹೋಗಿದೆ, ಫೀಡ್ ರೀಡರ್ ಬಳಸಿದವರು ಹೇಳಿ

ಮಂಡ್ಯದ ನಿವೃತ್ತ ಮೇಷ್ಟ್ರು ಕೇಳಿದ್ದು: ಕೃಷಿ, ವಿಜ್ಞಾನದ ಸುದ್ದಿ ಬರಲಿ ಅಂತ ಹತ್ತಾರು ಕಡೆ ಜಿಮೇಲ್ ವಿಳಾಸ ಕೊಟ್ಟೆ. ಈಗ ಜಾಗವಿಲ್ಲ ಅನ್ನುತ್ತೆ, ಮಗಳು ಕಳಿಸಿದ ಮೇಲ್ ವಾಪಸ್ ಹೋಗಿದೆ. ಫೀಡ್ ರೀಡರ್ ಹಾಕ್ಕೊಳ್ಳಿ ಅಂತಾರೆ. ಹಾಗಂದ್ರೇನು?

ಮೈಸೂರು, ಕುವೆಂಪುನಗರದಿಂದ:
ಮೇಷ್ಟ್ರೇ, ನಮ್ಮಪ್ಪನಿಗೂ ಹೀಗೇ ಆಗಿತ್ತು. ಪೆನ್ಷನ್ ವಿಚಾರದ ಒಂದು ಮೇಲ್‌ಗೆ ಎರಡು ವಾರ ಕಾದರು. ದಿನಾ ಬೆಳಿಗ್ಗೆ ಕನ್ನಡಕ ಹಾಕ್ಕೊಂಡು ಫೋನ್ ಹಿಡಿದು ಕೂರೋರು, ಬರಲೇ ಇಲ್ಲ. ಬಾಕ್ಸ್ ತುಂಬಿದ್ದರಿಂದ ಕಳಿಸಿದವರಿಗೇ ವಾಪಸ್ ಹೋಗಿತ್ತು.

ಜಿಮೇಲ್ ಬಿಟ್ಟಿಯಾಗಿ ಕೊಡೋದು 15 ಜಿಬಿ. ಡ್ರೈವ್, ಫೋಟೋಸ್ ಎಲ್ಲಾ ಅದರಲ್ಲೇ. ಗೂಗಲ್ ಅಕೌಂಟಿನ ಸ್ಟೋರೇಜ್ ಪುಟ ತೆಗೆದು ನೋಡಿದೆ: ಜಾಗ ನುಂಗಿದ್ದು ಸುದ್ದಿ ಮೇಲ್‌ಗಳಲ್ಲ, ತಂಗಿ ಮದುವೆಯ ವಿಡಿಯೋಗಳು! ಪೆನ್‌ಡ್ರೈವ್‌ಗೆ ಹಾಕ್ಕೊಂಡು ಅಳಿಸಿದೆವು. ಅಳಿಸಿದ ಮೇಲೆ ಟ್ರ್ಯಾಷ್ ಕೂಡ ಖಾಲಿ ಮಾಡಿ. ಇಲ್ಲದಿದ್ದರೆ ಒಂದೆರಡು ತಿಂಗಳು ಅಲ್ಲೇ ಇದ್ದು ಜಾಗ ಹಿಡಿದಿರುತ್ತೆ.

ಹಾಗಂತ ಸುದ್ದಿ ಮೇಲ್‌ಗಳನ್ನು ಹಾಗೇ ಬರೋಕೆ ಬಿಡಬೇಡಿ, ಬೇಕಾದ ಪತ್ರ ಕಣ್ಣಿಗೆ ಬೀಳದ ಹಾಗೆ ಮಾಡೋದು ಅವೇ. ಮೇಲ್ ಅಂದರೆ ಮನೆಗೆ ಹಾಕಿಸಿಕೊಂಡ ಪೇಪರ್ ಇದ್ದ ಹಾಗೆ, ಓದದಿದ್ದರೂ ಅಟ್ಟದ ತುಂಬ ರದ್ದಿ. ಫೀಡ್ ಅಂದರೆ ವಾಚನಾಲಯದ ಮೇಜಿನ ಮೇಲಿನ ಪೇಪರ್, ಬೇಕಾದ್ದು ಓದಿ ಎದ್ದು ಬರಬಹುದು. ಸೈಟಿನವರು ಹೊಸ ಬರಹಗಳ ಪಟ್ಟಿಯನ್ನು ಆರ್‌ಎಸ್‌ಎಸ್ ಅನ್ನೋ ರೂಪದಲ್ಲಿ ಇಟ್ಟಿರುತ್ತಾರೆ, ಅದೇ ಫೀಡ್. ರೀಡರ್ ಅನ್ನೋ ಆಪ್ ಆಗಾಗ ಅದನ್ನು ನೋಡಿ ತಲೆಬರಹ ತಂದು ತೋರಿಸುತ್ತೆ. ಹತ್ತು ಸೈಟಿಗೂ ನಿಮ್ಮ ವಿಳಾಸ ಕೊಡಬೇಕಿಲ್ಲ.

ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತುಹೋದಾಗ ನಾನು ಫೀಡ್ಲಿ ಅನ್ನೋ ಇನ್ನೊಂದು ರೀಡರ್‌ಗೆ ಬಂದೆ. ಬಿಟ್ಟಿ ಅಕೌಂಟಿನಲ್ಲೇ 100 ಸೈಟಿನವರೆಗೆ ಸೇರಿಸಬಹುದು. ಸೈಟಿನ ವಿಳಾಸ ಹಾಕಿದರೆ ಫೀಡನ್ನು ಸಾಮಾನ್ಯವಾಗಿ ಅದೇ ಹುಡುಕಿಕೊಳ್ಳುತ್ತೆ. ಸೇರಿಸಿದ ಸೈಟುಗಳ ಪಟ್ಟಿಯನ್ನು ಫೈಲ್ ಮಾಡಿ ಇಟ್ಟುಕೊಳ್ಳಿ, ನಾಳೆ ಇದೂ ನಿಂತರೆ ಬೇರೆ ರೀಡರ್‌ಗೆ ಹಾಗೇ ಹೋಗಬಹುದು. ಫೀಡೇ ಇಲ್ಲದ ಸೈಟುಗಳೂ ಇವೆ, ಕೆಲವು ಬರೀ ನಾಲ್ಕು ಸಾಲು ಕೊಡುತ್ತವೆ.

ಮದ್ದೂರಿನಿಂದ:
ಮೇಷ್ಟ್ರೇ, ಒಂದು ಮಾತು ಸೇರಿಸ್ತೀನಿ. ನೀವೇ ಕೇಳಿ ಹಾಕಿಸಿಕೊಂಡ ಮೇಲ್‌ಗಷ್ಟೇ ಅನ್‌ಸಬ್‌ಸ್ಕ್ರೈಬ್ (ಇನ್ನು ಕಳಿಸಬೇಡಿ ಅನ್ನೋದು) ಒತ್ತಿ. ಗುರುತಿಲ್ಲದವರದಾದರೆ ಒಳಗಿನ ಯಾವ ಲಿಂಕನ್ನೂ ಮುಟ್ಟದೆ ಸ್ಪ್ಯಾಮ್‌ಗೆ ಹಾಕಿ. ನಾನು ಬ್ರೌಸಿಂಗ್ ಸೆಂಟರ್ ನಡೆಸ್ತಿದ್ದಾಗ ಎಷ್ಟೋ ಜನ ಮೇಲ್ ತೆರೆದಿಟ್ಟೇ ಎದ್ದು ಹೋಗೋರು, ಹಿಂದಿನಿಂದ ಕೂಗಿ ಕರೀತಿದ್ದೆ. ನೀವೂ ಎಲ್ಲಾದರೂ ಹಾಗೆ ಬಿಟ್ಟು ಬಂದಿದ್ದರೆ, ಫೋನಿನಲ್ಲಿ ಅಕೌಂಟಿನ ಸೆಕ್ಯೂರಿಟಿಗೆ ಹೋಗಿ, ಡಿವೈಸ್ ಪಟ್ಟಿಯಿಂದ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿಬಿಡಿ.