ಆಟೋಮ್ಯಾಟಿಕ್ ವಾಚ್ ತಗೊಳ್ಳುವ ಮುಂಚೆ ಬಾಬಣ್ಣನವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬಾಬಣ್ಣನವರು ನಮ್ಮ ಜೊತೆ ಇದ್ದಾರೆ. ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ವಾಚ್ ರಿಪೇರಿ ಮಾಡುವವರು. ವಿಷಯ: ಕೈಗೆಟುಕುವ ಬೆಲೆಯ ಆಟೋಮ್ಯಾಟಿಕ್ ವಾಚು (ಸೆಲ್ ಇಲ್ಲದೆ, ಕೈ ಆಡಿದಾಗ ಕೀ ತುಂಬಿಕೊಳ್ಳುವಂಥದ್ದು), ಯಾವ ಸಂದರ್ಭಕ್ಕೆ ಯಾವುದು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬಾಬಣ್ಣ: ನಮಸ್ಕಾರ. ಕೇಳುವವರು ಎರಡು ವಿಷಯ ಮೊದಲು ಹೇಳಿ. ವಾಚು ಕಟ್ಟಿಕೊಂಡು ದಿನವಿಡೀ ಏನು ಕೆಲಸ ಮಾಡುತ್ತೀರಿ, ಎಷ್ಟು ದುಡ್ಡು ಇಟ್ಟಿದ್ದೀರಿ. ಸುಮ್ನೆ "ಬೆಸ್ಟ್ ಯಾವುದು" ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಸರಸ್ವತಿಪುರಂ ಹುಡುಗ: ಸರ್, ನನ್ನದು ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಡಿಸೆಂಬರ್‌ನಲ್ಲಿ ಮದುವೆ. ಆಫೀಸಿಗೂ ಆಗಬೇಕು, ರಿಸೆಪ್ಷನ್ ಸೂಟಿಗೂ ಒಪ್ಪಬೇಕು. ಸುಮಾರು 25 ಸಾವಿರ. ಓರಿಯೆಂಟ್ ಬ್ಯಾಂಬಿನೋ ಮೇಲೆ ಕಣ್ಣಿದೆ.

ಬಾಬಣ್ಣ: ಒಳ್ಳೆಯ ಕಣ್ಣು. ಬ್ಯಾಂಬಿನೋದ ಉಬ್ಬು ಗ್ಲಾಸು, ತೆಳು ಮುಳ್ಳುಗಳು ಸೂಟಿಗೆ ಚೆನ್ನಾಗಿ ಕೂರುತ್ತವೆ. ಈಗಿನ ಮಾಡೆಲ್‌ಗಳಿಗೆ ಕೈಯಲ್ಲೂ ಕೀ ಕೊಡಬಹುದು. ಅಗಲ ಸಾಮಾನ್ಯವಾಗಿ 40.5 ಮಿ.ಮೀ. ಬರುತ್ತೆ. ಮಣಿಕಟ್ಟು ಸಣ್ಣದಾದರೆ 38 ಕೇಳಿ ನೋಡಿ. ಆದರೆ ಅದು 30 ಮೀಟರ್ ವಾಚು. 30 ಮೀಟರ್ ಅಂದರೆ 30 ಮೀಟರ್ ಆಳಕ್ಕೆ ಇಳಿಯಬಹುದು ಅಂತ ಅಲ್ಲ. ಕೈ ತೊಳೆಯುವಾಗ ಹನಿ ಬಿದ್ದರೆ ಪರವಾಗಿಲ್ಲ, ಅಷ್ಟೇ. ಧಾರೆ ಎರೆಯುವ ಹೊತ್ತಿಗೆ ಬಿಚ್ಚಿ ತಮ್ಮನ ಜೇಬಿಗೆ ಹಾಕಿ. ದಿನಾ ಆಫೀಸಿಗೂ ಅದನ್ನೇ ಕಟ್ಟಿದರೆ ಬೇಸಿಗೆಯ ಬೆವರಿಗೆ ಚರ್ಮದ ಬೆಲ್ಟು ವಾಸನೆ ಬರುತ್ತೆ. ಎರಡಕ್ಕೂ ಒಂದೇ ವಾಚು ಅನ್ನುವುದಾದರೆ ಸಿಟಿಜನ್ ತ್ಸುಯೋಸಾ ನೋಡಿ. ಚೈನು, 40 ಮಿ.ಮೀ., ಸುಲಭಕ್ಕೆ ಗೀರು ಬೀಳದ ಸಫೈರ್ ಗ್ಲಾಸು, 50 ಮೀಟರ್. ನೀವು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ಆಗಬಹುದು.

ಮಂಡ್ಯ ಬುಲೆಟ್: ಅಣ್ಣ 10 ಸಾವಿರದೊಳಗೆ ಬೆಸ್ಟ್ ಯಾವುದು?

ಬಾಬಣ್ಣ: ಏನು ಕೆಲಸ?

ಮಂಡ್ಯ ಬುಲೆಟ್: ಗದ್ದೆ ಕೆಲಸ ಕಣಣ್ಣ. ಬೆಳಿಗ್ಗೆ ಟಿಲ್ಲರ್, ಸಂಜೆ ಬುಲೆಟ್.

ಬಾಬಣ್ಣ: ಟಿಲ್ಲರ್ ಹಿಡಿಯುವಾಗ ಆಟೋಮ್ಯಾಟಿಕ್ ಬೇಡ. ಸೆಲ್ ವಾಚು ಕಟ್ಟಿ.

ಮಂಡ್ಯ ಬುಲೆಟ್: ಅಂದ್ರೆ ಗದ್ದೆ ಮಾಡೋರಿಗೆ ಆಟೋಮ್ಯಾಟಿಕ್ ಕಟ್ಟೋ ಯೋಗ್ಯತೆ ಇಲ್ಲ ಅಂತಾನಾ?

ಬಾಬಣ್ಣ: ಟಿಲ್ಲರ್ ನಡುಕ ತಡೆಯುವ ಯೋಗ್ಯತೆ ವಾಚಿಗೆ ಇಲ್ಲ. ಒಳಗೆ ರೋಟರ್ ಅಂತ ಅರ್ಧಚಂದ್ರದ ಒಂದು ತೂಕ ತಿರುಗುತ್ತಿರುತ್ತೆ. ಗಂಟೆಗಟ್ಟಲೆ ನಡುಗಿದರೆ ಅದರ ಸ್ಕ್ರೂ ಸಡಿಲ ಆಗುತ್ತೆ, ಮಷೀನಿಗೆ ಪೆಟ್ಟು. ಸಂಜೆಗೆ, ಜಾತ್ರೆಗೆ, ಬೀಗರೂಟಕ್ಕೆ ಧಾರಾಳವಾಗಿ ಕಟ್ಟಿ.

ವಿಜಯನಗರ 2ನೇ ಹಂತ: ಸರ್ 10 ಸಾವಿರದೊಳಗೆ ಯಾವುದು ಒಳ್ಳೇದು?

ಬಾಬಣ್ಣ: ಮೊದಲನೇ ಮೆಸೇಜ್ ಓದಿ.

ಕುವೆಂಪುನಗರ ಮಗಳು: ನಮಸ್ಕಾರ ಬಾಬಣ್ಣನವರೇ. ಅಪ್ಪನಿಗೆ 70 ತುಂಬಿದಾಗ ಭೀಮರಥ ಶಾಂತಿ ಮಾಡಿಸಿ ಸೀಕೋ 5 ಕೊಡಿಸಿದೆವು. ರಾತ್ರಿ ಬಿಚ್ಚಿಟ್ಟರೆ ಬೆಳಿಗ್ಗೆ ನಿಂತಿರುತ್ತೆ. ಕೊಂಡ ಅಂಗಡಿಯವರು ಒಂದು ಸಲ ಸರ್ವಿಸ್ ಮಾಡಿಸಿ ಕೊಟ್ಟರು, ಮತ್ತೆ ಅದೇ ಕಥೆ. ಮಷೀನೇ ಸರಿ ಇಲ್ಲ, ಬದಲಾಯಿಸಬೇಕು ಅನ್ನುತ್ತಿದ್ದಾರೆ. ಅಪ್ಪ ನಿವೃತ್ತ ಮೇಷ್ಟ್ರು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆ ಹೊತ್ತಿಗೆ ಟೈಮು, ತಾರೀಕು ಎರಡೂ ಸರಿ ಮಾಡಿಕೊಳ್ಳುತ್ತಾರೆ. ಮುಖ ಸಪ್ಪಗಿರುತ್ತೆ. ಏನು ಮಾಡಲಿ?

ಬಾಬಣ್ಣ: ಮೇಡಂ, ಮೂರು ವಿಷಯ ಹೇಳಿ. ಹಿಂದಿನ ಮುಚ್ಚಳದ ಮೇಲೆ ನಂಬರ್ ಏನಿದೆ? ಯಾವ ಕೈಗೆ ಕಟ್ಟುತ್ತಾರೆ? ದಿನವಿಡೀ ಆ ಕೈಯಲ್ಲಿ ಏನು ಮಾಡುತ್ತಾರೆ?

ಎಚ್‌ಎಂಟಿ ಅಭಿಮಾನಿ: ಜಪಾನಿನವರಿಗೆ ಯಾಕೆ ದುಡ್ಡು ಸುರಿಯಬೇಕು? ಒಂದು ಎಚ್‌ಎಂಟಿ ಜನತಾ ಕೊಡಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ 1500ಕ್ಕೆ ಹೊಚ್ಚ ಹೊಸ ಜನತಾ ಆಟೋಮ್ಯಾಟಿಕ್ ಸಿಗುತ್ತಿದೆ. ಲಿಂಕ್ ಹಾಕಲಾ?

ಸರಸ್ವತಿಪುರಂ ಹುಡುಗ: ಹಳೇ ಜನತಾ ಕೀ ಕೊಡುವ ವಾಚು ಅಂಕಲ್, ಆಟೋಮ್ಯಾಟಿಕ್ ಅಲ್ಲ. ಮತ್ತೆ ಎಚ್‌ಎಂಟಿ 1961ರಲ್ಲಿ ಬೆಂಗಳೂರಲ್ಲಿ ವಾಚು ಶುರು ಮಾಡಿದ್ದೇ ಜಪಾನಿನ ಸಿಟಿಜನ್ ಸಹಾಯದಿಂದ.

ಎಚ್‌ಎಂಟಿ ಅಭಿಮಾನಿ: ನೀನು ಹುಟ್ಟುವ ಮುಂಚೆಯಿಂದ ಎಚ್‌ಎಂಟಿ ಕಟ್ಟುತ್ತಿದ್ದೇನೆ. ಮದುವೆ ಗಂಡುಗಳು ಕಾಂಚನ್ ಬೇಕು ಅಂತ ಹಟ ಹಿಡಿಯುತ್ತಿದ್ದ ಕಾಲ ಅದು. ನನ್ನ ಮಾವನವರು ಕೊಡಿಸಿದ ಕಾಂಚನ್ ಇವತ್ತಿಗೂ ಓಡುತ್ತೆ.

ಸರಸ್ವತಿಪುರಂ ಹುಡುಗ: ಕಾಂಚನ್ ಆಟೋಮ್ಯಾಟಿಕ್, ಒಪ್ಪಿದೆ. ಜನತಾ ಅಲ್ಲ ಅಂದೆ ಅಷ್ಟೇ.

ಮಂಡ್ಯ ಬುಲೆಟ್: ಮಾವ ಕೊಡಿಸಿದ್ದು ಅಂತ ಜಂಬ ಬೇರೆ. ವರದಕ್ಷಿಣೆ ಅನ್ನಿ ಅದನ್ನ.

ಎಚ್‌ಎಂಟಿ ಅಭಿಮಾನಿ: ಅಡ್ಮಿನ್, ಇವರನ್ನು ತೆಗೆಯಿರಿ.

ಬಾಬಣ್ಣ: 1500 ರೂಪಾಯಿಯ "ಹೊಸ" ಎಚ್‌ಎಂಟಿ ಯಾರೂ ತಗೋಬೇಡಿ. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಸರ್ಕಾರ ಒಪ್ಪಿದ್ದು 2016ರಲ್ಲಿ. ಆನ್‌ಲೈನ್‌ನಲ್ಲಿ ಗಿಣಿ ಹಸಿರು, ಕಿತ್ತಳೆ ಡಯಲ್ ಹಾಕಿ ಬರುವ ಅಗ್ಗದ ವಾಚುಗಳು ಬಹುಪಾಲು ಗುಜರಿ ಮಾಲು. ಹಳೇ ಡಯಲ್ ಕೆರೆದು ಹೊಸದಾಗಿ ಪ್ರಿಂಟ್ ಹೊಡೆದಿರುತ್ತಾರೆ. ಒಳಗಿನ ಮಷೀನು ನಾಲ್ಕು ವಾಚಿನಿಂದ ಕಿತ್ತು ಸೇರಿಸಿದ್ದು. ಭೂತಗನ್ನಡಿ ಇಟ್ಟು ನೋಡಿ, ಅಕ್ಷರದ ಅಂಚು ಶಾಯಿ ಹರಡಿದ ಹಾಗಿರುತ್ತೆ, ನಿಮಿಷದ ಗೆರೆಗಳು ಗಂಟೆ ಗುರುತಿಗೆ ಸರಿಯಾಗಿ ಕೂರುವುದಿಲ್ಲ. ಎಚ್‌ಎಂಟಿ ಬೇಕಾದರೆ ಮನೆಯ ಬೀರುವಿನಲ್ಲಿ ತಾತನದು ಇದೆಯಾ ನೋಡಿ. ಅದನ್ನು ಸರ್ವಿಸ್ ಮಾಡಿಸುವುದು ವಾಸಿ.

ಪುರೋಹಿತರು, ಅಗ್ರಹಾರ: ಸ್ವಾಮಿ, ಮುಹೂರ್ತಕ್ಕೆ ನಂಬಬಹುದಾದ ಆಟೋಮ್ಯಾಟಿಕ್ ಇದೆಯಾ?

ಬಾಬಣ್ಣ: ಸ್ವಾಮಿ, ಈ ಬೆಲೆಯ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಓಡಿದರೆ ಅದು ತಪ್ಪಲ್ಲ. ವಾರಕ್ಕೊಮ್ಮೆ ಮೊಬೈಲ್ ನೋಡಿ ಸರಿ ಮಾಡಿಕೊಂಡರೆ ಮುಹೂರ್ತ ಮೀರುವುದಿಲ್ಲ. ಹೋಮದ ಮುಂದೆ ಕೂರುವಾಗ ಬಿಚ್ಚಿಡಿ.

ಶ್ರೀರಂಗಪಟ್ಟಣ: ಬಾಬಣ್ಣ, ಮೊನ್ನೆ ಪಶ್ಚಿಮವಾಹಿನಿಯಲ್ಲಿ ಮುಳುಗು ಹಾಕುವಾಗ ವಾಚು ಬಿಚ್ಚುವುದು ಮರೆತೆ. ಗ್ಲಾಸಿನ ಒಳಗೆ ಮಂಜು ಕಟ್ಟಿದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ. ಎಷ್ಟು ದಿನ ಬಿಡಬೇಕು?

ಬಾಬಣ್ಣ: ಒಂದು ಗಂಟೆಯೂ ಬೇಡ. ಈಗಲೇ ತೆಗೆಯಿರಿ. ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ಅದರ ಹುಡಿ ಕೀ ಸಂದಿಗೆ ಸೇರುತ್ತೆ. ಒಳಗಿರುವುದು ಉಕ್ಕಿನ ಚಿಕ್ಕ ಚಿಕ್ಕ ಭಾಗಗಳು. ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ನಾಳೆ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ನಿಮ್ಮ ಊರಲ್ಲೇ ಯಾರ ಹತ್ತಿರವಾದರೂ ಮುಚ್ಚಳ ಬಿಚ್ಚಿಸಿ ಒಣಗಿಸಿ. ಅಲ್ಲಿಯವರೆಗೆ ಕೀ ತಿರುಗಿಸಬೇಡಿ, ಅಲ್ಲಾಡಿಸಬೇಡಿ.

ಹುಣಸೂರು ರೋಡ್: ಹೇರ್ ಡ್ರೈಯರ್ ಹಿಡಿದರೆ ಐದೇ ನಿಮಿಷದಲ್ಲಿ ಮಂಜು ಹೋಗುತ್ತೆ. ನಾನು ಮಾಡಿದ್ದೇನೆ.

ವಿಜಯನಗರ 2ನೇ ಹಂತ: *ಫಾರ್ವರ್ಡ್ ಆಗಿ ಬಂದದ್ದು:* ನೀರು ಹೋದ ವಾಚಿಗೆ ಎರಡು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಟ್ಟರೆ ಜೀವಮಾನದಲ್ಲಿ ತುಕ್ಕು ಹಿಡಿಯುವುದಿಲ್ಲ. ಎಲ್ಲರಿಗೂ ಹಂಚಿ.

ಬಾಬಣ್ಣ: ಇದನ್ನು ಯಾರಿಗೂ ಹಂಚಬೇಡಿ. ಡ್ರೈಯರ್ ಹಿಡಿದರೆ ಮಂಜು ಕಣ್ಣಿಗೆ ಕಾಣದ ಜಾಗಕ್ಕೆ ಹೋಗುತ್ತೆ, ವಾಚಿನಿಂದ ಹೊರಗೆ ಹೋಗುವುದಿಲ್ಲ. ಬಿಸಿಗೆ ವಾಷರ್ ಹಾಳು. ಎಣ್ಣೆ ಬಿಟ್ಟರೆ ಹೇರ್ ಸ್ಪ್ರಿಂಗಿನ (ವಾಚಿನ ಓಟ ಹಿಡಿತದಲ್ಲಿಡುವ ತೆಳು ಸ್ಪ್ರಿಂಗ್) ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ವಾಚು ಹುಚ್ಚು ಹಿಡಿದ ಹಾಗೆ ಓಡುತ್ತೆ. ನಾವು ಸೂಜಿ ಮೊನೆಯಲ್ಲಿ ತೆಗೆದು ಇಡುವ ಎಣ್ಣೆಯನ್ನು ಇವರು ಹನಿ ಲೆಕ್ಕದಲ್ಲಿ ಹೊಯ್ಯುತ್ತಾರೆ. ಇಂಥ ವಾಚು ತೊಳೆದು ತೊಳೆದು ನನಗೆ ಸಾಕಾಗಿದೆ. ಅಡ್ಮಿನ್ ಫಾರ್ವರ್ಡ್ ಬೇಡ ಅಂದಿದ್ದು ಓದಿಲ್ವಾ?

ಹುಣಸೂರು ರೋಡ್: ಹಾಗಾದರೆ ಗ್ಲಾಸಿನ ಗೀರಿಗೆ ಟೂತ್‌ಪೇಸ್ಟ್ ಹಾಕುವುದೂ ಸುಳ್ಳಾ?

ಬಾಬಣ್ಣ: ಪ್ಲಾಸ್ಟಿಕ್ ಗ್ಲಾಸಾದರೆ ಹೋಗುತ್ತೆ. ಬೇರೆ ಗ್ಲಾಸಾದರೆ ಇಲ್ಲ.

ಕುವೆಂಪುನಗರ ಮಗಳು: ಕ್ಷಮಿಸಿ, ಅಡುಗೆಮನೆಯಲ್ಲಿದ್ದೆ. ಮುಚ್ಚಳದ ಮೇಲೆ 7ಎಸ್26 ಅಂತಿದೆ. ಎಡಗೈಗೆ ಕಟ್ಟುತ್ತಾರೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ಈಗ ಓಡಾಡುತ್ತಾರೆ, ಆದರೆ ಎಡಗೈ ಅಷ್ಟಾಗಿ ಆಡುವುದಿಲ್ಲ. ಮಡಿಲಲ್ಲೇ ಇಟ್ಟುಕೊಂಡಿರುತ್ತಾರೆ.

ಬಾಬಣ್ಣ: ಹಾಗೆ ಹೇಳಿ ಮೇಡಂ. ನಿಮ್ಮ ವಾಚು ಬಹುಶಃ ಸರಿಯಾಗಿಯೇ ಇದೆ. ಮಷೀನು ಬದಲಾಯಿಸಲು ಈಗಲೇ ಕೊಡಬೇಡಿ.

ಆಟೋಮ್ಯಾಟಿಕ್ ಅಂದರೆ ತಾನಾಗಿ ಓಡುವುದಲ್ಲ, ಕೈ ಆಡಿದಾಗ ಕೀ ತುಂಬುವುದು. ಕೈ ಆಡದಿದ್ದರೆ ಸ್ಪ್ರಿಂಗಿಗೆ ಏನೂ ಸೇರುವುದಿಲ್ಲ. 7ಎಸ್26 ಅನ್ನುವುದು ಒಳಗಿನ ಮಷೀನಿನ ನಂಬರ್, ಪೂರ್ತಿ ತುಂಬಿದರೆ ಬಿಚ್ಚಿಟ್ಟ ಮೇಲೆ ಸುಮಾರು 40 ಗಂಟೆ ಓಡಬೇಕು. ನಿಮ್ಮ ತಂದೆಯವರ ಕೈಯಲ್ಲಿ ಅದು ಕಾಲು ಭಾಗವೂ ತುಂಬುತ್ತಿಲ್ಲ, ಅದಕ್ಕೇ ರಾತ್ರಿ ನಿಲ್ಲುತ್ತೆ. ಕೈಯಲ್ಲಿ ಕೀ ಕೊಡೋಣ ಅಂದರೆ ಈ ಮಷೀನಿಗೆ ಆ ಸೌಲಭ್ಯವೇ ಇಲ್ಲ. ಕೀ ನೋಡಿ, 4 ಗಂಟೆಯ ಜಾಗದಲ್ಲಿ ಅರ್ಧ ಒಳಗೆ ಹುದುಗಿದೆ ಅಲ್ವಾ? ಇದಕ್ಕೆ ದಿನಾ ಕೀ ಕೊಡುವ ಕೆಲಸವೇ ಇಲ್ಲ ಅಂತ ಹಾಗೆ ಮಾಡಿದ್ದು.

ಮೊದಲು ಪರೀಕ್ಷೆ. ನಾಳೆ ನೀವೇ ಕಟ್ಟಿಕೊಳ್ಳಿ. ಮನೆ ಕೆಲಸ, ಓಡಾಟ ಎಲ್ಲ ಮಾಡಿ. ರಾತ್ರಿ ಬಿಚ್ಚಿಟ್ಟು, ಮುಟ್ಟದೆ, ಎಷ್ಟು ಹೊತ್ತಿಗೆ ನಿಲ್ಲುತ್ತೆ ಬರೆದಿಡಿ. ಮಾರನೇ ದಿನ ಸಂಜೆ ದಾಟಿದರೆ ಮಷೀನು ಚೆನ್ನಾಗಿದೆ. ಬೆಳಿಗ್ಗೆಯೇ ನಿಂತರೆ ಮಾತ್ರ ರಿಪೇರಿ ಮಾತು.

ಇನ್ನೊಂದು ಕಾಟ ಇದೆ, ಅದು ನನಗೆ ಜಾಸ್ತಿ ಯೋಚನೆ. ತಂದೆಯವರು ದಿನಾ ತಾರೀಕು ಬದಲಿಸುತ್ತಾರೆ ಅಂದಿರಿ. ವಾಚು ರಾತ್ರಿ 9ರಿಂದ ಬೆಳಗಿನ 4ರ ನಡುವೆ ನಿಂತಿದ್ದರೆ ತಾರೀಕಿನ ಚಕ್ರ ಆಗ ಹಲ್ಲಿಗೆ ಕಚ್ಚಿಕೊಂಡಿರುತ್ತೆ. ಆ ಹೊತ್ತಲ್ಲಿ ಕೀ ಎಳೆದು ತಾರೀಕು ತಿರುಗಿಸಿದರೆ ಹಲ್ಲು ಮುರಿಯಬಹುದು. ಮೊದಲು ಮುಳ್ಳನ್ನು ಮುಂದಕ್ಕೆ ತಿರುಗಿಸಿ ಬೆಳಗಿನ 6 ದಾಟಿಸಲಿ, ಆಮೇಲೆ ತಾರೀಕು. ಇದನ್ನು ಇವತ್ತೇ ಅವರಿಗೆ ಹೇಳಿ.

ಪರೀಕ್ಷೆ ಪಾಸಾದರೆ ವಾಚನ್ನು ಬಲಗೈಗೆ ಹಾಕಿ. ಎಲ್ಲ ಕೆಲಸ ಈಗ ಆ ಕೈಯದ್ದೇ ತಾನೇ? ಚೆನ್ನಾಗಿ ತುಂಬುತ್ತೆ. ಆದರೆ ಎಡಗೈಯಲ್ಲಿ ಬಕಲ್ ಹಾಕಲು ಅವರಿಗೆ ಆಗುವುದಿಲ್ಲ. ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನು ಬರುತ್ತೆ, ಬಳೆ ತೊಟ್ಟ ಹಾಗೆ ಬೆರಳು ದಾಟಿಸಿ ತಾವೇ ಹಾಕಿಕೊಳ್ಳಬಹುದು. ಇನ್ನೊಬ್ಬರನ್ನು ಕರೆಯುವ ಅಗತ್ಯ ಇಲ್ಲ. ಬೆಲ್ಟು ಕೂರುವ ಕಿವಿಗಳ ನಡುವಿನ ಅಳತೆ ಸ್ಕೇಲ್ ಇಟ್ಟು ಕಳಿಸಿ, ಸಾಮಾನ್ಯವಾಗಿ 18 ಅಥವಾ 20 ಮಿ.ಮೀ. ಇರುತ್ತೆ.

ಎಡಗೈ ಬರಹಗಾರ: ನಾನು ಎಡಚ. ಬಲಗೈಗೆ ಕಟ್ಟುತ್ತೇನೆ, ಕೀ ಮಣಿಕಟ್ಟಿಗೆ ಒತ್ತುತ್ತೆ. ಏನಾದರೂ ಮಾಡೆಲ್ ಇದೆಯಾ?

ವಿಜಯನಗರ 2ನೇ ಹಂತ: ಮೇಡಂ, ನಿಮ್ಮ ತಂದೆಯವರಿಗೆ ಮ್ಯಾಗ್ನೆಟ್ ಬಳೆ ಹಾಕಿಸಿ. ರಕ್ತ ಸಂಚಾರ ಸರಿಯಾಗಿ ಕೈ ಆಡುತ್ತೆ, ವಾಚೂ ಓಡುತ್ತೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು.

ಬಾಬಣ್ಣ: ಕೈ ವಿಚಾರ ಡಾಕ್ಟರನ್ನು ಕೇಳಿ, ಫ್ಯಾಮಿಲಿ ಗ್ರೂಪನ್ನಲ್ಲ. ವಾಚಿನ ವಿಚಾರ ನಾನು ಹೇಳುತ್ತೇನೆ: ಆ ಬಳೆ ವಾಚಿನ ಪಕ್ಕ ಬಂದರೆ ವಾಚು ಕೆಟ್ಟಿತು ಅಂತಲೇ ಲೆಕ್ಕ.

ಜಯಲಕ್ಷ್ಮಿಪುರಂ: ಅಯ್ಯೋ, ನನ್ನ ಸಿಟಿಜನ್ ಒಂದು ತಿಂಗಳಿಂದ ದಿನಕ್ಕೆ 15 ನಿಮಿಷ ಮುಂದೆ ಓಡುತ್ತಿದೆ. ಬಳೆ ಇಲ್ಲ. ಮೊಬೈಲ್ ಕವರ್ ಮಾತ್ರ ಮ್ಯಾಗ್ನೆಟ್‌ನದು. ರಾತ್ರಿ ಎರಡನ್ನೂ ಒಟ್ಟಿಗೆ ಇಡುತ್ತೇನೆ.

ಬಾಬಣ್ಣ: ಅದೇ ಕಾರಣ. ಹೇರ್ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿದೆ. ದಿಕ್ಸೂಚಿಯ ಪಕ್ಕ ವಾಚು ತನ್ನಿ, ಮುಳ್ಳು ಜೋರಾಗಿ ತಿರುಗಿದರೆ ಖಾತ್ರಿ. ಸರ್ವಿಸ್ ಬೇಡ, ಡಿಮ್ಯಾಗ್ನೆಟೈಸ್ ಮಾಡಿಸಿ. ಕ್ಷಣದ ಕೆಲಸ. ಪೂರ್ತಿ ಸರ್ವಿಸ್ ದುಡ್ಡು ಕೇಳಿದರೆ ಎದ್ದು ಬನ್ನಿ.

ಜಯಲಕ್ಷ್ಮಿಪುರಂ: ಇನ್ನೊಂದು, ಕೈ ಆಡಿಸಿದಾಗ ಒಳಗೆ ಗರಗರ ಸದ್ದು ಬರುತ್ತೆ.

ಬಾಬಣ್ಣ: ಆ ಮಷೀನಿನ ರೋಟರ್ ಒಂದೇ ದಿಕ್ಕಿಗೆ ಕೀ ತುಂಬುತ್ತೆ. ಇನ್ನೊಂದು ದಿಕ್ಕಿಗೆ ಸುಮ್ನೆ ತಿರುಗುತ್ತೆ, ಅದರ ಸದ್ದು. ರೋಗ ಅಲ್ಲ.

ಮದ್ದೂರು: ಟೈಟಾನ್ ಆಟೋಮ್ಯಾಟಿಕ್ ಹೇಗೆ ಅಣ್ಣ? ಬೇಗ ಹೇಳಿ, ಅಂಗಡಿಯಲ್ಲೇ ಇದ್ದೀನಿ.

ಹುಣಸೂರು ರೋಡ್: ಎಲ್ಲಾ ಕಡೆ "ಬಿಚ್ಚಿಸಿ, ಮಾಡಿಸಿ" ಅಂತಾರೆ. ಮನೆಮದ್ದು ಎಲ್ಲ ಸುಳ್ಳಾದರೆ ರಿಪೇರಿಯವರಿಗೆ ತಾನೇ ಲಾಭ? ಇದು ಗ್ರೂಪಾ, ಅಂಗಡಿ ಜಾಹೀರಾತಾ?

ಬಾಬಣ್ಣ: ಶ್ರೀರಂಗಪಟ್ಟಣದವರಿಗೆ ನಿಮ್ಮ ಊರಲ್ಲೇ ತೋರಿಸಿ ಅಂದೆ. ಜಯಲಕ್ಷ್ಮಿಪುರಂನವರಿಗೆ ಸರ್ವಿಸ್ ಬೇಡ ಅಂದೆ. ಮೇಡಂಗೆ ರಿಪೇರಿಯೇ ಬೇಡ ಅಂದೆ. ಇದರಲ್ಲಿ ಲಾಭ ಎಲ್ಲಿ ಕಂಡಿತು ಸ್ವಾಮಿ?

ಎಚ್‌ಎಂಟಿ ಅಭಿಮಾನಿ: ಬಾಬಣ್ಣನವರು ಹೇಳಿದ್ದರಲ್ಲಿ ತಪ್ಪಿಲ್ಲ. ಜನತಾ ವಿಷಯ ಬಿಟ್ಟು.

ಮಂಡ್ಯ ಬುಲೆಟ್: ಜನತಾ ವಿಷಯದಲ್ಲೇ ಸರಿಯಾಗಿ ಹೇಳಿದ್ದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮುಂದಿನ ಮೆಸೇಜಿಗೆ ಹೊರಗೆ ಹಾಕುತ್ತೇನೆ. ಹೊಸ ಪ್ರಶ್ನೆ ಇನ್ನು ಬೇಡ.

ಕುವೆಂಪುನಗರ ಮಗಳು: ಬಾಬಣ್ಣನವರೇ, ಹೊಸ ಪ್ರಶ್ನೆ ಅಲ್ಲ, ಹಳೆಯದೇ. ಅಪ್ಪನ ಬಲಗೈಯಲ್ಲಿ ಆ ಮ್ಯಾಗ್ನೆಟ್ ಬಳೆ ಈಗಾಗಲೇ ಇದೆ.

ಬಾಬಣ್ಣ: ಹಾಗಾದರೆ ಎರಡರಲ್ಲಿ ಒಂದು. ಬಳೆ ತೆಗೆಯಲು ಒಪ್ಪುತ್ತಾರಾ?

ಕುವೆಂಪುನಗರ ಮಗಳು: ಕೊಡಿಸಿದ್ದು ನಮ್ಮ ಸೋದರತ್ತೆ. ತೆಗೆಸಿದರೆ ಅತ್ತೆ ಮನೆಗೆ ಬರುವುದಿಲ್ಲ.

ಬಾಬಣ್ಣ: ಸರಿ, ಬಳೆ ಇರಲಿ. ಆ ಸೀಕೋ ನೀವು ಕಟ್ಟಿಕೊಳ್ಳಿ, ನಿಮ್ಮ ಕೈಯಲ್ಲಿ ಚೆನ್ನಾಗಿ ಓಡುತ್ತೆ. ತಂದೆಯವರ ಎಡಗೈಗೆ ದಿನಾ ಕೀ ಕೊಡುವ ವಾಚು, ಕೀ ದಪ್ಪ ಇರುವಂಥದ್ದು, ತಾರೀಕು ಇಲ್ಲದ್ದು. ರೇಡಿಯೋ ವಾರ್ತೆ ಹೊತ್ತಿಗೆ ಬಲಗೈ ಬೆರಳಲ್ಲಿ ಕೀ ಕೊಡಲಿ. ಬಳೆ ಇರುವ ಮಣಿಕಟ್ಟನ್ನು ಮಾತ್ರ ವಾಚಿಗೆ ತಾಗಿಸಬಾರದು. ಹಳೇ ಎಚ್‌ಎಂಟಿ ಮನೆಯಲ್ಲಿ ಇದ್ದರೆ ಹೊಸದು ಕೊಳ್ಳಬೇಡಿ. ಮದ್ದೂರಿನವರು ಇನ್ನೂ ಅಂಗಡಿಯಲ್ಲೇ ಇದ್ದರೆ ಮನೆಗೆ ಹೋಗಿ, ಮುಂದಿನ ವಾರ ಹೇಳುತ್ತೇನೆ.